ಪ್ಯಾಕೆಟ್ ಯಾರ ಸುಪರ್ದಿಯಲ್ಲಿದೆ?

ಯಲಹಂಕದ ಅಟ್ಟೂರು ಲೇಔಟ್‌ನ ಯಾವ ಅಡ್ಡರಸ್ತೆಯಲ್ಲಿ ನಿಂತು ತಲೆಯೆತ್ತಿದರೂ ಕಂಬದಿಂದ ಕಂಬಕ್ಕೆ, ಮರದ ಕೊಂಬೆಯಿಂದ ಮೂರನೇ ಮಹಡಿಯ ಬಾಲ್ಕನಿಗೆ ಜೋತುಬಿದ್ದ ಕಪ್ಪು ಫೈಬರ್ ಕೇಬಲ್‌ಗಳು ಕಾಣುತ್ತವೆ. ಮನೆಯಿಂದಲೇ ಕೆಲಸ ಮಾಡುವವರ ಮೀಟಿಂಗ್ ನಡುವೆ ದನಿ ಕಡಿದುಹೋದರೆ, ಬ್ಯಾಂಕಿನ ಪುಟ ಅರ್ಧಕ್ಕೆ ನಿಂತರೆ ಎಲ್ಲರ ಬೊಟ್ಟು ಮೊದಲು ತಿರುಗುವುದು ಆ ಕೇಬಲ್ ಕಡೆಗೆ. ಬಹಳ ಸಲ ಅದು ನಿಜವೂ ಹೌದು: ರಸ್ತೆ ಅಗೆಯುತ್ತಾರೆ, ಕೊಂಬೆ ಮುರಿದು ಬೀಳುತ್ತದೆ, ಬೀದಿಬದಿಯ ಪೆಟ್ಟಿಗೆಗೆ ಕರೆಂಟ್ ಹೋಗುತ್ತದೆ. ಆದರೆ ಇನ್ನೊಂದು ಬಗೆಯ ದೋಷವಿದೆ. ಕೇಬಲ್ ಸರಿಯಿರುತ್ತದೆ, ರೌಟರಿನ ದೀಪಗಳೆಲ್ಲ ಹಸಿರಾಗಿರುತ್ತವೆ, ಪಕ್ಕದಲ್ಲಿಟ್ಟ ಫೋನಿನಲ್ಲಿ ಎಲ್ಲವೂ ಓಡುತ್ತಿರುತ್ತದೆ. ಒಂದು ಲ್ಯಾಪ್‌ಟಾಪ್ ಮಾತ್ರ ಸುಮ್ಮನಾಗಿರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಅದೇ ಗೋಳು. ಅಲ್ಲಿ ಪ್ಯಾಕೆಟ್, ಅಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ದತ್ತಾಂಶದ ತುಣುಕು, ದಾರಿಯಲ್ಲಿ ಕಳೆದುಹೋಗಿಲ್ಲ. ಯಂತ್ರದೊಳಗೇ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯಲ್ಲಿ ಸಿಕ್ಕಿಬಿದ್ದಿದೆ. ಈ ಲೇಖನದ ವಾದ ಇಷ್ಟು: ನೆಟ್‌ವರ್ಕ್ ಡ್ರೈವರ್‌ಗಳ ಜಟಿಲ ದೋಷಗಳು ಹೆಚ್ಚಾಗಿ ಸುಪರ್ದಿಯ ದೋಷಗಳು, ಅಂದರೆ ಯಾವ ವಸ್ತು ಯಾವ ಗಳಿಗೆಯಲ್ಲಿ ಯಾರ ವಶದಲ್ಲಿತ್ತು ಎಂಬ ಲೆಕ್ಕದಲ್ಲಿ ಆದ ತಪ್ಪುಗಳು. ಆ ಲೆಕ್ಕ ಓದಲು, ಯಂತ್ರದ ಮೆಮೊರಿಯನ್ನು ನೇರವಾಗಿ ತೆರೆದು ತೋರಿಸುವ ಕರ್ನೆಲ್ ಡಿಬಗರ್ ಬೇಕು. ಆ ಓದನ್ನು ಯಲಹಂಕ ಸುತ್ತಮುತ್ತಲಿನ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಪಾಠವಾಗಿಯೇ ಕಲಿಸಬೇಕು.

ಡ್ರೈವರ್ ಎಂದರೇನು ಎಂಬುದಕ್ಕೆ ನಮ್ಮ ಊರುಗಳಲ್ಲೇ ಹೋಲಿಕೆಯಿದೆ. ಯಲಹಂಕ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ ಇಳಿಯುವ ಈ ಕೆರೆಸಾಲಿನ ನಾಡಿನಲ್ಲಿ ತೂಬು ಎತ್ತುವ, ಇಳಿಸುವ, ಯಾರ ಗದ್ದೆಗೆ ಯಾವಾಗ ನೀರು ಎಂದು ನೆನಪಿಡುವ ಕೆಲಸ ನೀರಗಂಟಿಯದಾಗಿತ್ತು. ಕೆರೆ ಅವನದಲ್ಲ, ಗದ್ದೆಯೂ ಅವನದಲ್ಲ, ಸರದಿಯ ಲೆಕ್ಕ ಮಾತ್ರ ಅವನದು. ನೆಟ್‌ವರ್ಕ್ ಡ್ರೈವರ್ ಕೂಡ ಹಾಗೆಯೇ. ಒಂದು ಕಡೆ ತಂತಿಯಿಂದ ಬಂದದ್ದನ್ನು ಹಿಡಿಯುವ ಕಾರ್ಡ್ ಇದೆ, ಇನ್ನೊಂದು ಕಡೆ ಕಾರ್ಯಾಚರಣಾ ವ್ಯವಸ್ಥೆಯ ಒಳತಿರುಳಾದ ಕರ್ನೆಲ್ ಇದೆ. ನಡುವೆ ನಿಂತು, ಪ್ಯಾಕೆಟ್ ತುಂಬಿಡುವ ಮೆಮೊರಿ ಜಾಗಗಳಾದ ಖಾಲಿ ಬಫರ್‌ಗಳನ್ನು ಕಾರ್ಡಿಗೆ ಒಪ್ಪಿಸುವುದು, ತುಂಬಿ ಬಂದವನ್ನು ಎತ್ತಿ ಕರ್ನೆಲ್‌ಗೆ ಕೊಡುವುದು, ಮತ್ತೆ ಖಾಲಿಯವನ್ನು ಇಡುವುದು ಡ್ರೈವರಿನ ಕೆಲಸ. ಈ ಕೊಡುಕೊಳ್ಳುವಿಕೆ ನಡೆಯುವ ಜಾಗಕ್ಕೆ ರಿಂಗ್ ಎನ್ನುತ್ತಾರೆ. ಅದು ಮೆಮೊರಿಯಲ್ಲಿರುವ ಒಂದು ಪಟ್ಟಿ. ಕೊನೆಯ ಸಾಲು ಮುಗಿದೊಡನೆ ಎಣಿಕೆ ಮತ್ತೆ ಮೊದಲ ಸಾಲಿಗೆ ಬರುತ್ತದೆ. ಇಂಟೆಲ್‌ನ ಹಳೆಯ ಗಿಗಾಬಿಟ್ ಕಾರ್ಡುಗಳಿಗಾಗಿ ಲಿನಕ್ಸ್‌ನಲ್ಲಿರುವ ಇ1000 ಡ್ರೈವರನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸಾಮಾನ್ಯವಾಗಿ 256 ಸಾಲುಗಳು, ಪ್ರತಿ ಸಾಲು 16 ಬೈಟ್. ಮೊದಲ 8 ಬೈಟ್‌ಗಳಲ್ಲಿ ಬಫರಿನ ವಿಳಾಸ, ಮುಂದಿನ 2ರಲ್ಲಿ ಬಂದ ಪ್ಯಾಕೆಟ್ಟಿನ ಉದ್ದ, ಆಮೇಲೆ ಪ್ಯಾಕೆಟ್ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಚೆಕ್‌ಸಮ್, ನಂತರ ಸ್ಥಿತಿ ತಿಳಿಸುವ ಒಂದೇ ಒಂದು ಬೈಟ್. ಆ ಬೈಟಿನ ಮೊದಲ ಬಿಟ್ ಸೊನ್ನೆಯಾಗಿದ್ದರೆ ಸಾಲು ಇನ್ನೂ ಕಾರ್ಡಿನ ವಶದಲ್ಲಿದೆ. ಒಂದಾಗಿದ್ದರೆ ಕಾರ್ಡ್ ತನ್ನ ಕೆಲಸ ಮುಗಿಸಿ ಡ್ರೈವರಿಗೆ ಬಿಟ್ಟುಕೊಟ್ಟಿದೆ. ಲಕ್ಷಾಂತರ ಪ್ಯಾಕೆಟ್‌ಗಳ ಹಣೆಬರಹ ಆ ಒಂದು ಬಿಟ್ಟಿನ ಮೇಲೆ ನಿಂತಿದೆ.

ಹಾಗಾದರೆ ವೈರ್‌ಶಾರ್ಕ್, ಟಿಸಿಪಿಡಂಪ್‌ಗಳಂಥ ಸಾಧನಗಳು ಇರುವುದೇಕೆ, ಪ್ಯಾಕೆಟ್‌ಗಳನ್ನು ಸಾಲುಸಾಲಾಗಿ ಬಿಡಿಸಿ ತೋರಿಸುತ್ತವಲ್ಲ ಎಂದು ಯಾರಾದರೂ ಕೇಳಬಹುದು. ತೋರಿಸುತ್ತವೆ, ಮತ್ತು ನೆಟ್‌ವರ್ಕ್ ಅರಿಯಲು ಅವುಗಳಿಗಿಂತ ಒಳ್ಳೆಯ ಆರಂಭವಿಲ್ಲ. ಆದರೆ ಅವು ಎಲ್ಲಿ ನಿಂತು ನೋಡುತ್ತವೆ ಎಂಬುದನ್ನು ಗಮನಿಸಬೇಕು. ಲಿನಕ್ಸ್‌ನಲ್ಲಿ ಹೊರಹೋಗುವ ಪ್ಯಾಕೆಟ್ಟಿನ ಪ್ರತಿಯನ್ನು ಈ ಸಾಧನಗಳಿಗೆ ಕೊಡುವುದು ಅದು ಡ್ರೈವರಿನ ಕೈಗೆ ಹೋಗುವ ಮುಂಚೆ. ಒಳಬರುವ ಪ್ಯಾಕೆಟ್ಟಿನ ಪ್ರತಿ ಸಿಗುವುದು ಡ್ರೈವರ್ ಅದನ್ನು ಮೇಲಕ್ಕೆ ಒಪ್ಪಿಸಿದ ನಂತರ. ವಿಂಡೋಸ್‌ನಲ್ಲಿ ವೈರ್‌ಶಾರ್ಕ್ ಬಳಸುವ ಎನ್‌ಪಿಕ್ಯಾಪ್ ಕೂಡ ಕಾರ್ಡಿನ ಡ್ರೈವರ್ ಮೇಲೆ ಕೂತ ಒಂದು ಫಿಲ್ಟರ್. ಹೋಗುವಾಗಲೂ ಬರುವಾಗಲೂ ಡ್ರೈವರಿನ ಅಂಗಳ ಒಂದೇ ಈ ಕಣ್ಣಿನಿಂದ ಮರೆಯಾಗಿರುತ್ತದೆ. ಇದಕ್ಕೆ ಪುರಾವೆ ಬೇಕಿದ್ದರೆ ಯಾವ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಾದರೂ ಸಿಗುತ್ತದೆ. ಹೊರಹೋಗುವ ಪ್ಯಾಕೆಟ್‌ಗಳ ಚೆಕ್‌ಸಮ್ ತಪ್ಪಾಗಿದೆ ಎಂದು ವೈರ್‌ಶಾರ್ಕ್ ತೋರಿಸುವುದುಂಟು. ಆದರೂ ಆ ಪ್ಯಾಕೆಟ್‌ಗಳು ಆಚೆಗೆ ಸರಿಯಾಗಿಯೇ ಮುಟ್ಟುತ್ತವೆ. ಕಾರಣ, ಚೆಕ್‌ಸಮ್ ಲೆಕ್ಕ ಹಾಕುವ ಕೆಲಸವನ್ನು ಕರ್ನೆಲ್ ಕಾರ್ಡಿಗೆ ವಹಿಸಿರುತ್ತದೆ, ಕಾರ್ಡ್ ಅದನ್ನು ಆಮೇಲೆ ಬರೆಯುತ್ತದೆ. ಹಾಗೆಯೇ 1500 ಬೈಟಿನ ಮಿತಿಯಿರುವ ದಾರಿಯಲ್ಲಿ ಹತ್ತಾರು ಸಾವಿರ ಬೈಟಿನ ಪ್ಯಾಕೆಟ್ ಹೋದಂತೆ ಕಾಣುತ್ತದೆ. ಅದನ್ನು ತುಂಡರಿಸುವುದೂ ಕಾರ್ಡಿನ ಹೊಣೆ. ಅಂದರೆ ಪರದೆಯ ಮೇಲೆ ನಾವು ಓದುತ್ತಿರುವುದು ತಂತಿಯ ಮೇಲೆ ಹೋದ ಪ್ಯಾಕೆಟ್ ಅಲ್ಲ, ಹೋಗಲೆಂದು ಡ್ರೈವರಿಗೆ ಕೊಟ್ಟ ಪ್ಯಾಕೆಟ್. ಪೊಲೀಸ್ ಭಾಷೆಯಲ್ಲಿ ಹೇಳುವುದಾದರೆ ಅದು ಹೇಳಿಕೆ. ಕರ್ನೆಲ್ ಡಿಬಗರ್ ಮಾಡುವುದು ಸ್ಥಳ ಮಹಜರು.

ಆ ಮಹಜರು ಹೇಗಿರುತ್ತದೆಂದು ಹತ್ತಿರದಿಂದ ನೋಡೋಣ. ಲಿನಕ್ಸ್ ಕರ್ನೆಲ್ ಪ್ರತಿಯೊಂದು ಪ್ಯಾಕೆಟ್ಟಿಗೂ ಎಸ್‌ಕೆ-ಬಫ್ ಎಂಬ ಒಂದು ದಾಖಲೆ ಇಟ್ಟಿರುತ್ತದೆ. ಅದರಲ್ಲಿ ನಾಲ್ಕು ವಿಳಾಸಗಳು ಮುಖ್ಯ: ಹೆಡ್, ಡೇಟಾ, ಟೇಲ್, ಎಂಡ್. ಹೆಡ್ ಮತ್ತು ಎಂಡ್ ಎಂದರೆ ಬಫರ್ ಎಂಬ ನಿವೇಶನದ ಎರಡು ಗಡಿಕಲ್ಲುಗಳು. ಡೇಟಾ ಮತ್ತು ಟೇಲ್ ಎಂದರೆ ಅದರೊಳಗೆ ಕಟ್ಟಿದ ಮನೆಯ ಮುಂಗೋಡೆ, ಹಿಂಗೋಡೆ. ಪ್ಯಾಕೆಟ್ ಕೆಳಗಿನ ಪದರದಿಂದ ಮೇಲಕ್ಕೆ ಹೋದಂತೆ ಒಂದೊಂದೇ ತಲೆಬರಹ ಕಳಚಿಕೊಳ್ಳುತ್ತದೆ. ಕಳಚುವುದೆಂದರೆ ಏನನ್ನೂ ಅಳಿಸುವುದಲ್ಲ, ಡೇಟಾ ಎಂಬ ವಿಳಾಸವನ್ನು ಮುಂದಕ್ಕೆ ಸರಿಸುವುದು. ಈಥರ್ನೆಟ್ ತಲೆಬರಹ ಮುಗಿದಾಗ ಅದು 14 ಬೈಟ್ ಸರಿಯುತ್ತದೆ: ಹೋಗಬೇಕಾದ ಕಾರ್ಡಿನ ವಿಳಾಸ 6, ಬಂದ ಕಾರ್ಡಿನ ವಿಳಾಸ 6, ಒಳಗಿರುವುದು ಏನೆಂದು ಹೇಳುವ 2. ಆ ಎರಡು ಬೈಟ್ 08 00 ಆಗಿದ್ದರೆ ಒಳಗಿರುವುದು ಐಪಿವಿ4. ಅದರ ಮೊದಲ ಬೈಟ್ ಬಹುಪಾಲು 45. ನಾಲ್ಕು ಎಂದರೆ ಆವೃತ್ತಿ, ಐದು ಎಂದರೆ ತಲೆಬರಹ ನಾಲ್ಕು ಬೈಟಿನ ಐದು ಕಟ್ಟು, ಒಟ್ಟು 20 ಬೈಟ್. ಡಿಬಗರ್‌ನಲ್ಲಿ ಆ ವಿಳಾಸದ ಮೆಮೊರಿ ತೆರೆದಾಗ 08 00 45 00 ಎಂಬ ಸಾಲು ಸಿಕ್ಕರೆ ಅನುಭವಿಗಳಿಗೆ ನೆಲ ಸಿಕ್ಕಂತಾಗುತ್ತದೆ. ಆ ಸಾಲು ಎರಡು ಬೈಟ್ ಆಚೀಚೆ ಇದ್ದರೆ ಯಾರೋ ಅಳತೆ ತಪ್ಪಿದ್ದಾರೆ. ಟೇಲ್ ಎಂಬುದು ಎಂಡ್ ದಾಟಿದರೆ ಕರ್ನೆಲ್ ತಾನೇ ಕೂಗಿಕೊಂಡು ನಿಲ್ಲುತ್ತದೆ. ಪಕ್ಕದವರ ನಿವೇಶನಕ್ಕೆ ಗೋಡೆ ಏರಿಸಿದಂತೆ ಅದು.

ಇದಕ್ಕಿಂತ ಮನಸ್ಸಿಗೆ ನಾಟುವ ಗುರುತು ಇನ್ನೊಂದಿದೆ. ಪರೀಕ್ಷೆಗೆಂದು ಸಿದ್ಧಪಡಿಸಿದ ಲಿನಕ್ಸ್ ಕರ್ನೆಲ್‌ನಲ್ಲಿ ಬಿಟ್ಟುಕೊಟ್ಟ ಮೆಮೊರಿಯ ತುಂಬ 6ಬಿ ಎಂಬ ಬೈಟ್ ಬಳಿದಿಡುವ ವ್ಯವಸ್ಥೆಯಿದೆ, ಬಾಗಿಲಿಗೆ ಮೊಹರು ಹಾಕಿದ ಹಾಗೆ. ಬಳಕೆಯಲ್ಲಿರಬೇಕಾದ ಪ್ಯಾಕೆಟ್ಟನ್ನು ತೆರೆದಾಗ 45 00 ಇರಬೇಕಾದ ಕಡೆ 6ಬಿ 6ಬಿ 6ಬಿ 6ಬಿ ಎಂದು ಉದ್ದಕ್ಕೂ ಕಂಡರೆ, ಆ ಬಫರನ್ನು ಯಾರೋ ಆಗಲೇ ಬಿಟ್ಟುಕೊಟ್ಟಿದ್ದಾರೆ, ಆದರೂ ಇನ್ನೊಬ್ಬರು ಅದನ್ನು ತಮ್ಮದೆಂದು ಹಿಡಿದಿದ್ದಾರೆ ಎಂದರ್ಥ. 6ಬಿ ಸಾಲಿನ ನಡುವೆ ಎಲ್ಲೋ ಒಂದು ನಿಜವಾದ ಈಥರ್ನೆಟ್ ತಲೆಬರಹ ಕಂಡರೆ ಸಂಗತಿ ಇನ್ನೂ ಗಂಭೀರ: ಡ್ರೈವರ್ ಬಿಟ್ಟ ಜಾಗಕ್ಕೆ ಕಾರ್ಡ್ ಬರೆಯುತ್ತಲೇ ಇದೆ. ನಾಳೆ ಅದೇ ಜಾಗ ಒಂದು ಕಡತಕ್ಕೋ ಇನ್ನೊಬ್ಬರ ಪಾಸ್‌ವರ್ಡಿಗೋ ಸಿಕ್ಕರೆ ಅದರ ಮೇಲೆ ತಂತಿಯಿಂದ ಬಂದ ಕಸ ಬೀಳುತ್ತದೆ. ಯಾವ ಪ್ಯಾಕೆಟ್ ಪಟ್ಟಿಯಲ್ಲೂ ಈ ದೃಶ್ಯ ಸಿಗುವುದಿಲ್ಲ, ಏಕೆಂದರೆ ಪ್ಯಾಕೆಟ್ ಪಟ್ಟಿಗೆ ಒಡೆತನ ಎಂಬ ಅಂಕಣವೇ ಇಲ್ಲ.

ವಿಂಡೋಸ್ ಈ ಒಡೆತನವನ್ನು ನಿಯಮವಾಗಿಯೇ ಬರೆದಿಟ್ಟಿದೆ. ವಿಸ್ಟಾ ಜೊತೆ ಬಂದ, ನೆಟ್‌ವರ್ಕ್ ಡ್ರೈವರ್‌ಗಳ ನಿಯಮಾವಳಿಯಾದ ಎನ್‌ಡಿಐಎಸ್ 6.0ರಿಂದ ಈಚೆಗೆ ಅಲ್ಲಿ ಪ್ಯಾಕೆಟ್‌ಗಳು ಓಡಾಡುವುದು ನೆಟ್-ಬಫರ್-ಲಿಸ್ಟ್ ಎಂಬ ಕಟ್ಟುಗಳಲ್ಲಿ. ಮೇಲಿನ ಪದರ ಕಳುಹಿಸಲು ಕೊಟ್ಟ ಕಟ್ಟನ್ನು ಡ್ರೈವರ್ ಕೆಲಸ ಮುಗಿದ ಮೇಲೆ ಮರಳಿಸಲೇಬೇಕು. ಡ್ರೈವರ್ ಮೇಲಕ್ಕೆ ಕೊಟ್ಟ ಕಟ್ಟನ್ನು ಮೇಲಿನವರೂ ಮರಳಿಸಲೇಬೇಕು. ಗ್ರಂಥಾಲಯದ ಪುಸ್ತಕದಂತೆ: ಓದಿದ್ದಾಯಿತೇ ಎಂಬುದು ಬೇರೆ ಪ್ರಶ್ನೆ, ಹಿಂದಿರುಗಿಸಿದ್ದಾಯಿತೇ ಎಂಬುದೇ ಲೆಕ್ಕ. ಲ್ಯಾಪ್‌ಟಾಪ್ ಮುಚ್ಚಿದಾಗ ಅದು ನಿದ್ರೆಗೆ ಹೋಗಬೇಕಾದರೆ ಡ್ರೈವರ್ ತನ್ನ ಕೈಯಲ್ಲಿರುವುದನ್ನೆಲ್ಲ ಒಪ್ಪಿಸಬೇಕು. ಒಂದು ಕಟ್ಟು ಮರಳದಿದ್ದರೂ ಯಂತ್ರ ಕಾಯುತ್ತ ಕೂರಬಹುದು. ಕೆಲವೊಮ್ಮೆ 9ಎಫ್ ಎಂಬ ಸಂಕೇತದ ನೀಲಿ ಪರದೆಯಲ್ಲಿ ಅದು ಮುಗಿಯುತ್ತದೆ. ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿ ಡಿಬಗರ್‌ಗೆ ಎನ್‌ಡಿಐಎಸ್‌ಕೆಡಿ ಎಂಬ ವಿಸ್ತರಣೆಯಿದೆ. ಯಂತ್ರದಲ್ಲಿರುವ ಕಾರ್ಡುಗಳು ಯಾವುವು, ಮರಳದೆ ಬಾಕಿ ಉಳಿದ ಕಟ್ಟುಗಳು ಯಾವುವು, ಅವು ಈಗ ಯಾವ ಡ್ರೈವರಿನ ಬಳಿ ಇವೆ ಎಂದು ಕೇಳಿದರೆ ಅದು ಹೆಸರು ಹಿಡಿದು ಉತ್ತರಿಸುತ್ತದೆ. ಅಲ್ಲಿಂದ ಒಂದು ಕಟ್ಟಿನೊಳಗೆ ಇಳಿದು, ಅದರ ಬಫರ್ ಹಿಡಿದು, ಬೈಟ್ ಬೈಟಾಗಿ ಪ್ಯಾಕೆಟ್ ಓದಬಹುದು. ಯಾರ ತಪ್ಪು ಎಂಬ ಜಗಳ ಅಲ್ಲಿಗೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯಾಗುತ್ತದೆ, ಆ ಪ್ರಶ್ನೆಗೆ ಒಂದೇ ಉತ್ತರವಿರುತ್ತದೆ.

ಈ ವಿದ್ಯೆ ನಮಗೆ ಪರಕೀಯವೇನಲ್ಲ, ಇದರ ಒಂದು ದೊಡ್ಡ ಪಾಲು ಬೆಂಗಳೂರಿನಲ್ಲೇ ಬರೆದದ್ದು. ಓಡುತ್ತಿರುವ ಕರ್ನೆಲ್‌ನ ಬಹುತೇಕ ಯಾವುದೇ ಸೂಚನೆಯ ಮೇಲೆ ಒಂದು ಗೂಟ ನೆಟ್ಟು, ಅಲ್ಲಿ ಹಾದುಹೋಗುವುದನ್ನು ನೋಡಿಕೊಂಡು, ಯಂತ್ರವನ್ನು ನಿಲ್ಲಿಸದೆ ಮುಂದೆ ಬಿಡುವ ಕೆಪ್ರೋಬ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಐಬಿಎಂನ ಬೆಂಗಳೂರಿನ ಲಿನಕ್ಸ್ ತಂಡದವರು ಮೊದಲಿಗರು. ಲಿನಕ್ಸ್ ಕರ್ನೆಲ್‌ನಲ್ಲಿ ಕೆಪ್ರೋಬ್ಸ್‌ನ ಕಡತದ ತಲೆಭಾಗದಲ್ಲೇ ಇತಿಹಾಸವಿದೆ: 2002ರ ಅಕ್ಟೋಬರ್‌ನಲ್ಲಿ ವಂಶಿ ಕೃಷ್ಣ ಅವರ ಮೊದಲ ರೂಪ, 2004ರಲ್ಲಿ ಪ್ರಸನ್ನ ಪಂಚಮುಖಿ ಮತ್ತು ಸುಪರ್ಣಾ ಭಟ್ಟಾಚಾರ್ಯ ಅವರ ಸೇರ್ಪಡೆಗಳು. ಅದೇ ವರ್ಷ 2.6.9 ಆವೃತ್ತಿಯಲ್ಲಿ ಅದು ಮೂಲ ಕರ್ನೆಲ್‌ಗೆ ಸೇರಿತು. ಮುಂದೆ ವರ್ಷಗಟ್ಟಲೆ ಅದನ್ನು ನೋಡಿಕೊಂಡವರಲ್ಲಿ ಅನಂತ್ ಮಾವಿನಕಾಯನಹಳ್ಳಿ ಒಬ್ಬರು. ಕನ್ನಡದ ಒಂದು ಊರಿನ ಹೆಸರು ಜಗತ್ತಿನ ಲಿನಕ್ಸ್ ಮೂಲದಲ್ಲಿ ಕೂತಿದ್ದು ಸಣ್ಣ ಸಂತೋಷವಲ್ಲ. ಇನ್ನೊಂದು ಕೊಡುಗೆ ಕೆಡಂಪ್. ಕರ್ನೆಲ್ ಕುಸಿದ ಗಳಿಗೆಯ ಮೆಮೊರಿಯ ಪಡಿಯಚ್ಚನ್ನು ಉಳಿಸಿಕೊಳ್ಳುವ ಈ ಕ್ರಮವನ್ನು ಹರಿಪ್ರಸಾದ್ ನೆಲ್ಲಿತೀರ್ಥ, ವಿವೇಕ್ ಗೋಯಲ್, ಮನೀಶ್ ಸೋನಿ ಮುಂತಾದವರು ಓಡುತ್ತಿರುವ ಕರ್ನೆಲ್‌ನಿಂದಲೇ ಇನ್ನೊಂದನ್ನು ಎಬ್ಬಿಸುವ, ಎರಿಕ್ ಬೀಡರ್‌ಮನ್ ಅವರ ಕೆಎಕ್ಸೆಕ್ ಆಧರಿಸಿ ರೂಪಿಸಿದರು. 2005ರಲ್ಲಿ 2.6.13 ಆವೃತ್ತಿಯಲ್ಲಿ ಅದು ಬಂತು. ಅದರ ಹಿಂದಿನ ಯೋಚನೆ ನಮ್ಮ ವಾದಕ್ಕೆ ನೇರ ಸಂಬಂಧಿಸಿದ್ದು. ಹಿಂದಿನ ವ್ಯವಸ್ಥೆಗಳಲ್ಲಿ ಕುಸಿದ ಕರ್ನೆಲ್ಲೇ ತನ್ನ ಡಿಸ್ಕ್ ಅಥವಾ ನೆಟ್‌ವರ್ಕ್ ಡ್ರೈವರ್ ಬಳಸಿ ತನ್ನ ಮೆಮೊರಿಯನ್ನು ಹೊರಗೆ ಬರೆಯಬೇಕಿತ್ತು. ಕುಸಿಯಲು ಆ ಡ್ರೈವರೇ ಕಾರಣವಾಗಿದ್ದರೆ? ಆರೋಪಿಯ ಕೈಗೇ ಮಹಜರು ಬರೆಯಲು ಕೊಟ್ಟಂತಾಯಿತು. ಕೆಡಂಪ್‌ನಲ್ಲಿ ಮೊದಲೇ ಕಾದಿರಿಸಿದ ಮೆಮೊರಿಯಲ್ಲಿ ಎರಡನೆಯ, ಶುದ್ಧವಾದ ಕರ್ನೆಲ್ ಎದ್ದು ಬಂದು ಸತ್ತ ಕರ್ನೆಲ್‌ನ ಮೆಮೊರಿಯನ್ನು ಹೊರಗಿನವನಂತೆ ನೋಡಿ ದಾಖಲಿಸುತ್ತದೆ.

ಸತ್ತ ಯಂತ್ರದ ಮೆಮೊರಿ ಎಷ್ಟು ಮಾತಾಡುತ್ತದೆ ಎಂಬುದು 2024ರ ಜುಲೈ 19ರಂದು ಲೋಕಕ್ಕೆಲ್ಲ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶದ ಒಂದು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು; ಯಲಹಂಕದಾಚೆಯ ಕೆಂಪೇಗೌಡ ನಿಲ್ದಾಣಕ್ಕೂ ಬಿಸಿ ತಟ್ಟಿತು. ಅದು ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಅಲ್ಲ, ಆದರೆ ಅದೇ ಕರ್ನೆಲ್ ಅಂಗಳದಲ್ಲಿ ಓಡುವ ಡ್ರೈವರ್. 20 ಮೌಲ್ಯಗಳಿದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಗಿ ಅದು ತನ್ನದಲ್ಲದ ವಿಳಾಸಕ್ಕೆ ಕೈಹಾಕಿತ್ತು. ಡ್ರೈವರ್ ಸಲ್ಲದ ವಿಳಾಸ ಮುಟ್ಟಿದ್ದು ಕುಸಿತದ ಡಂಪ್‌ಗಳನ್ನು ಡಿಬಗರ್‌ನಲ್ಲಿ ತೆರೆದವರಿಗೆ ಕಂಡಿತ್ತು. ಸುಪರ್ದಿಯ ತಪ್ಪಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಈ ವಾದಕ್ಕೆ ಮೊದಲ ಹಾಗೂ ಅತ್ಯಂತ ತೂಕದ ಆಕ್ಷೇಪ ಬಂದಿರುವುದು ಲಿನಕ್ಸ್ ಕರ್ತೃ ಲೈನಸ್ ಟೊರ್ವಾಲ್ಡ್ಸ್ ಅವರಿಂದಲೇ. ತಮಗೆ ಕರ್ನೆಲ್ ಡಿಬಗರ್‌ಗಳು ಇಷ್ಟವಿಲ್ಲವೆಂದು 2000ರಲ್ಲಿ ಅವರು ಖಂಡತುಂಡವಾಗಿ ಹೇಳಿದ್ದರು. ಡಿಬಗರ್ ಹಿಡಿದವರು ರೋಗದ ಲಕ್ಷಣ ಮುಚ್ಚಿ ತೃಪ್ತರಾಗುತ್ತಾರೆ; ಅದಿಲ್ಲದವರು ಕೋಡನ್ನು ಎಚ್ಚರದಿಂದ ಓದಿ, ಯೋಚಿಸಿ ಬರೆಯುತ್ತಾರೆ ಎಂಬುದು ಅವರ ನಿಲುವಿನ ಸಾರ. ಇದರಲ್ಲಿ ಸತ್ಯವಿದೆ. ಹೆಜ್ಜೆಹೆಜ್ಜೆಗೂ ನಿಲ್ಲಿಸಿ ನೋಡುವ ಚಟ ಬಿದ್ದವರು ಇಡೀ ರಚನೆಯನ್ನು ತಲೆಯಲ್ಲಿ ಹಿಡಿಯುವುದನ್ನು ಮರೆಯುತ್ತಾರೆ. ಆದರೆ ನೆಟ್‌ವರ್ಕ್ ಡ್ರೈವರ್ ವಿಷಯದಲ್ಲಿ ಆ ಸಲಹೆಗೆ ಒಂದು ಮಿತಿಯಿದೆ. ಮಾತುಕತೆಯ ಒಂದು ಪಕ್ಷದ ಕೋಡ್ ಮಾತ್ರ ನಮ್ಮ ಮುಂದಿರುತ್ತದೆ. ಇನ್ನೊಂದು ಪಕ್ಷ ಸಿಲಿಕಾನ್ ಚಿಪ್. ಅದರೊಳಗಿನ ಕೋಡ್ ಬಹುಪಾಲು ಯಾರಿಗೂ ಓದಲು ಸಿಗುವುದಿಲ್ಲ, ಮೆಮೊರಿಗೆ ಅದು ಪ್ರೊಸೆಸರ್‌ಗೆ ಹೇಳದೆಯೇ ನೇರವಾಗಿ ಬರೆಯುತ್ತದೆ. ಕೋಡ್ ಓದಿದರೆ ನಡೆಯಬೇಕಾದದ್ದು ತಿಳಿಯುತ್ತದೆ. ದೋಷ ಕಾಣಿಸಿಕೊಂಡ ರಾತ್ರಿ ರಿಂಗಿನ 117ನೇ ಸಾಲಿನಲ್ಲಿ ಚಿಪ್ ನಿಜಕ್ಕೂ ಏನು ಬರೆದಿತ್ತು ಎಂಬುದು ಮೆಮೊರಿ ಓದಿದರೇ ತಿಳಿಯುವುದು. ಲಿನಕ್ಸ್ ಕೂಡ ಕೊನೆಗೆ ಇದನ್ನು ಒಪ್ಪಿತು. ಪುಣೆಯ ಲಿನ್‌ಸಿಸ್‌ಸಾಫ್ಟ್‌ನ ಅಮಿತ್ ಕಾಳೆ ವರ್ಷಗಳ ಕಾಲ ಹೊರಗಿನಿಂದ ಬೆಳೆಸಿದ್ದ ಕೆಜಿಡಿಬಿ ಎಂಬ ಡಿಬಗರ್, ಜೇಸನ್ ವೆಸೆಲ್ ಅವರ ಪ್ರಯತ್ನದಿಂದ 2008ರಲ್ಲಿ 2.6.26 ಆವೃತ್ತಿಯಲ್ಲಿ ಮೂಲ ಕರ್ನೆಲ್‌ಗೆ ಸೇರಿತು.

ಎರಡನೆಯ ಆಕ್ಷೇಪ ಕಾಲದ್ದು. ಡಿಬಗರ್ ಯಂತ್ರವನ್ನು ನಿಲ್ಲಿಸುತ್ತದೆ, ನೆಟ್‌ವರ್ಕ್ ನಿಲ್ಲುವುದಿಲ್ಲ. ನಾವು ಒಂದು ನಿಮಿಷ ಬೈಟ್ ಓದುತ್ತ ಕೂತರೆ ಆಚೆಯವನು ಉತ್ತರ ಬರಲಿಲ್ಲವೆಂದು ಮತ್ತೆ ಮತ್ತೆ ಕಳುಹಿಸುತ್ತಾನೆ, ರಿಂಗ್ ತುಂಬಿ ಕೋಡಿ ಬೀಳುತ್ತದೆ, ಬಿಟ್ಟ ಮೇಲೆ ಕಾಣುವುದು ಮೊದಲಿದ್ದ ದೋಷವಲ್ಲ, ನಾವೇ ಹುಟ್ಟಿಸಿದ ಹೊಸದು. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಗಳಿಗೆಯ ಲೆಕ್ಕದ ದೋಷ ಹುಡುಕಲು ಯಂತ್ರ ನಿಲ್ಲಿಸುವುದು ದಡ್ಡತನ. ಅದಕ್ಕೆಂದೇ ಕೆಪ್ರೋಬ್ಸ್ ಇದೆ, ಅದಕ್ಕೆ ಜೋಡಿಸಿಕೊಂಡು ಓಡಬಲ್ಲ ಇಬಿಪಿಎಫ್ ಇದೆ. ಇವು ಓಡುತ್ತಿರುವ ಡ್ರೈವರಿನ ಬಾಗಿಲಲ್ಲಿ ನಿಂತು ಎಣಿಸುತ್ತವೆ, ಹೊತ್ತು ಬರೆದುಕೊಳ್ಳುತ್ತವೆ. ಹಾಗಾದರೆ ಡಿಬಗರ್‌ನ ಕಾಲ ಮುಗಿಯಿತಲ್ಲ ಎಂದು ಇಂದಿನ ಅನೇಕ ಎಂಜಿನಿಯರುಗಳು ಹೇಳುತ್ತಾರೆ. ಅವರ ಮುಂದೆ 2008ರ ಒಂದು ಘಟನೆ ಇಡಬೇಕು. 2.6.27 ಕರ್ನೆಲ್ ಬಿಡುಗಡೆಗೆ ಸಜ್ಜಾಗುತ್ತಿದ್ದಾಗ ಇಂಟೆಲ್‌ನ ಇ1000ಇ ಡ್ರೈವರ್ ಬಳಸುವ ಕಾರ್ಡುಗಳ ಒಳಗಿನ ಶಾಶ್ವತ ಮೆಮೊರಿ ಕೆಟ್ಟು ಕಾರ್ಡುಗಳೇ ನಿಷ್ಪ್ರಯೋಜಕವಾಗತೊಡಗಿದವು. ಎಲ್ಲರ ಅನುಮಾನ ಡ್ರೈವರಿನ ಮೇಲೆ. ನಿಜವಾದ ಕಾರಣ ಎಫ್‌ಟ್ರೇಸ್ ಎಂಬ ಜಾಡು ಹಿಡಿಯುವ ಸಾಧನ! ಅದು ಕೆಲವು ಮಾಡ್ಯೂಲ್‌ಗಳ ಆರಂಭದ ಕೋಡ್ ಇದ್ದ ವಿಳಾಸಗಳನ್ನು ಬರೆದಿಟ್ಟುಕೊಂಡಿತ್ತು. ಆ ಕೋಡ್ ಕೆಲಸ ಮುಗಿಸಿ ಬಿಟ್ಟುಹೋದ ವಿಳಾಸಕ್ಕೆ ಆಮೇಲೆ ಕಾರ್ಡಿನ ಒಳಮೆಮೊರಿಯ ನಿಯಂತ್ರಣ ಬಂದು ಕೂತಿತು. ಎಫ್‌ಟ್ರೇಸ್ ಹಳೆಯ ಪಟ್ಟಿ ನಂಬಿ ಅಲ್ಲಿಗೇ ಬರೆಯಿತು. 2.6.27.1ರಲ್ಲಿ ಆ ಸೌಲಭ್ಯವನ್ನೇ ತೆಗೆದಿಡಬೇಕಾಯಿತು. ಇಲ್ಲಿಯೂ ಮೂಲ ಪ್ರಶ್ನೆ ಅದೇ: ಈ ವಿಳಾಸ ಈಗ ಯಾರದು? ಜಾಡು ಹಿಡಿಯುವ ಸಾಧನಗಳು ನಮಗೆ ಕೇಳಲು ಗೊತ್ತಿರುವ ಪ್ರಶ್ನೆಗೆ ಮಾತ್ರ ಉತ್ತರ ತರುತ್ತವೆ. ಏನು ಕೇಳಬೇಕೆಂದೇ ಗೊತ್ತಿಲ್ಲದಾಗ ಇಡೀ ಮೆಮೊರಿಯ ಮುಂದೆ ಕೂತು ಒಂದೊಂದೇ ವಿಳಾಸ ಹಿಂಬಾಲಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಮೂರನೆಯದು ಖಾಸಗಿತನದ ಮಾತು, ಇದಕ್ಕೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಮೆಮೊರಿಯ ಪಡಿಯಚ್ಚಿನಲ್ಲಿ ಪ್ಯಾಕೆಟ್ ಮಾತ್ರವಲ್ಲ, ಆ ಗಳಿಗೆಯಲ್ಲಿ ಯಂತ್ರದಲ್ಲಿದ್ದ ಎಲ್ಲವೂ ಇರಬಹುದು: ತೆರೆದ ಪತ್ರ, ಪಾಸ್‌ವರ್ಡ್, ಗೂಢಲಿಪಿಯ ಕೀಲಿ. 2023ರಲ್ಲಿ ಮೈಕ್ರೋಸಾಫ್ಟ್‌ನ ಒಂದು ಸಹಿ-ಕೀಲಿ ದಾಳಿಕೋರರ ಪಾಲಾದಾಗ, ಅದು ಒಂದು ಕ್ರ್ಯಾಶ್ ಡಂಪ್ ಮೂಲಕ ಹೊರಬಿದ್ದಿರಬಹುದೆಂದು ಕಂಪನಿ ವಿವರಿಸಿತ್ತು. ಮರುವರ್ಷ, ಅಂಥ ಡಂಪ್ ತಮಗೆ ಸಿಕ್ಕಿಲ್ಲವೆಂದು ಆ ವಿವರಣೆಯನ್ನು ತಿದ್ದಿತು. ಕೀಲಿ ಹೋದ ದಾರಿ ಯಾವುದೇ ಇರಲಿ, ಡಂಪ್ ಎಂಬುದು ಕೀಲಿ ಇರಬಹುದಾದ ಜಾಗವೆಂದು ಪರಿಣತರು ಗಂಭೀರವಾಗಿ ಎಣಿಸಿದ್ದು ಸತ್ಯ. ನಮ್ಮ ದೇಶದಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಗ್ರಾಹಕರ ಯಂತ್ರದ ಡಂಪನ್ನು ಇಮೇಲಿಗೆ ಅಂಟಿಸಿ ಕಳುಹಿಸುವ, ಯಾರದೋ ಪೆನ್‌ಡ್ರೈವಿನಲ್ಲಿ ವರ್ಷಗಟ್ಟಲೆ ಉಳಿಸುವ ರೂಢಿಗೆ ಕೊನೆ ಹಾಡಲೇಬೇಕು. ಕೆಡಂಪ್ ಜೊತೆ ಬಳಸುವ ಸಾಧನಗಳಲ್ಲಿ ಬಳಕೆದಾರರ ಪುಟಗಳನ್ನು ಬಿಟ್ಟು ಕರ್ನೆಲ್ ಪುಟಗಳನ್ನಷ್ಟೇ ಉಳಿಸುವ ಆಯ್ಕೆಯಿದೆ, ಮೊದಲು ಅದನ್ನು ಬಳಸಬೇಕು. ಡ್ರೈವರಿನ ದೋಷಕ್ಕೆ ಪ್ಯಾಕೆಟ್ಟಿನ ಹೊಟ್ಟೆಯೊಳಗಿನ ಮಾತು ಬೇಕಾಗುವುದು ತೀರ ಅಪರೂಪ; ತಲೆಬರಹ, ಉದ್ದ, ವಿಳಾಸ, ಸ್ಥಿತಿಯ ಬೈಟ್ ಸಾಕು. ಈಗಂತೂ ಹೆಚ್ಚಿನ ಪ್ಯಾಕೆಟ್‌ಗಳ ಹೊಟ್ಟೆ ಗೂಢಲಿಪಿಯಲ್ಲೇ ಇರುತ್ತದೆ. ಹಾಗಿದ್ದರೆ ಡಿಬಗರ್‌ನಲ್ಲಿ ನೋಡಲು ಉಳಿದದ್ದೇನು ಎಂದು ಕೇಳುವವರು, ಲಕೋಟೆ ಅಂಟಿಸಿದ್ದರೂ ಅಂಚೆಯವನು ವಿಳಾಸ ಓದಬಲ್ಲನೆಂಬುದನ್ನು ನೆನೆಯಬೇಕು.

ಇನ್ನು ಕಾಲೇಜುಗಳ ಮಾತು. ಅಟ್ಟೂರಿನಿಂದ ಸ್ವಲ್ಪವೇ ದೂರದಲ್ಲಿ ಆವಲಹಳ್ಳಿಯ ಬಿಎಂಎಸ್‌ಐಟಿ, ಗೋವಿಂದಪುರದ ನಿಟ್ಟೆ ಮೀನಾಕ್ಷಿ, ರಾಜಾನುಕುಂಟೆಯ ಸಾಯಿ ವಿದ್ಯಾ, ಹುಣಸಮಾರನಹಳ್ಳಿಯ ಸರ್ ಎಂವಿಐಟಿ ಇವೆ. ಇನ್ನೊಂದು ದಿಕ್ಕಿಗೆ ಹೆಬ್ಬಾಳದಾಚೆ, ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಐಬಿಎಂ, ನೋಕಿಯಾಗಳ ಕಚೇರಿಗಳಿವೆ. ಓದುವ ಜಾಗಕ್ಕೂ ದುಡಿಯುವ ಜಾಗಕ್ಕೂ ಒಂದು ಬಸ್ಸಿನ ಅಂತರ. ಆದರೆ ವಿಟಿಯು 2018ರ ಪಠ್ಯಕ್ರಮದ ಕಂಪ್ಯೂಟರ್ ನೆಟ್‌ವರ್ಕ್ ಲ್ಯಾಬ್ ಹೇಗಿತ್ತು ನೋಡಿ: ಅರ್ಧ ಭಾಗ ಎನ್‌ಎಸ್-2, ಎನ್‌ಎಸ್-3 ಎಂಬ ಸಿಮ್ಯುಲೇಟರ್‌ಗಳದ್ದು, ಇನ್ನರ್ಧ ಸಿಆರ್‌ಸಿ, ಬೆಲ್ಮನ್-ಫೋರ್ಡ್, ಸೋರುವ ಬಿಂದಿಗೆಯ ಕ್ರಮವಿಧಿ ಮುಂತಾದವನ್ನು ಜಾವಾದಲ್ಲಿ ಬರೆಯುವುದು. ಇವು ಬೇಡವೆಂದಲ್ಲ, ದಟ್ಟಣೆಯ ತತ್ವ ಅರಿಯಲು ಇವೇ ಬೇಕು. ಆದರೆ ಆ ಸಿಮ್ಯುಲೇಟರ್ ಪ್ರಯೋಗಗಳಲ್ಲಿ ಡ್ರೈವರ್ ಇಲ್ಲ, ಕಾರ್ಡ್ ಮೆಮೊರಿಗೆ ನೇರವಾಗಿ ಬರೆಯುವ ಡಿಎಂಎ ಇಲ್ಲ, ಬಿಟ್ಟುಕೊಟ್ಟ ಮೆಮೊರಿಗೆ ಬರೆಯುವ ಕಾರ್ಡ್ ಇಲ್ಲ. ಅಲ್ಲಿ ಪ್ಯಾಕೆಟ್ ಕಳೆದುಹೋಗುವುದು ಪ್ರಯೋಗ ಬರೆದವರು ಕಳೆದುಹೋಗಲಿ ಎಂದಲ್ಲಿ ಮಾತ್ರ. ಕರ್ನೆಲ್ ಕೆಲಸ ಪದವಿಯ ಮಕ್ಕಳಿಗೆ ಭಾರ, ಎರಡು ಯಂತ್ರ ಬೇಕು, ಸೀರಿಯಲ್ ಕೇಬಲ್ ಬೇಕು ಎಂಬ ಆಕ್ಷೇಪ ಒಂದು ಕಾಲಕ್ಕೆ ಸರಿಯಿತ್ತು. ಈಗ ಕ್ಯೂಎಂಯು ಎಂಬ ಉಚಿತ ತಂತ್ರಾಂಶ ಒಂದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಇಡೀ ಯಂತ್ರವನ್ನು, ಅದೇ ಹಳೆಯ ಇಂಟೆಲ್ ಕಾರ್ಡಿನ ಅನುಕರಣೆಯ ಸಮೇತ, ನಿಲ್ಲಿಸಿಕೊಡುತ್ತದೆ. ಡಿಬಗರ್ ಬಂದು ಕೂರಲು 1234ನೇ ಪೋರ್ಟನ್ನೂ ತೆರೆದಿಡುತ್ತದೆ. ಕರ್ನೆಲ್ ಕುಸಿದರೆ ಕುಸಿಯುವುದು ಕಿಟಕಿಯೊಳಗಿನ ಯಂತ್ರ. ವಿದ್ಯಾರ್ಥಿಯ ಕಡತಗಳಿಗೆ ಏನೂ ಆಗುವುದಿಲ್ಲ.

ಒಂದು ಮಧ್ಯಾಹ್ನದ ಪ್ರಯೋಗ ಹೀಗಿರಬಹುದು. ಇ1000 ಡ್ರೈವರಿನಲ್ಲಿ ಬಂದ ಪ್ಯಾಕೆಟ್‌ಗಳನ್ನು ಎತ್ತುವ ಕಾರ್ಯಭಾಗವಿದೆ. ಅದರಲ್ಲಿ, ಎತ್ತಿದ ಮೇಲೆ ಖಾಲಿ ಬಫರ್‌ಗಳನ್ನು ಕಾರ್ಡಿಗೆ ಮತ್ತೆ ಒಪ್ಪಿಸುವ ಕರೆ ಎರಡು ಕಡೆ ಬರುತ್ತದೆ. ಆ ಎರಡನ್ನೂ ತೆಗೆದು ಡ್ರೈವರ್ ಮತ್ತೆ ಕಟ್ಟಿ, ಕಿಟಕಿಯೊಳಗಿನ ಯಂತ್ರದಿಂದ ಗೇಟ್‌ವೇಗೆ ಪಿಂಗ್ ಹಾಕಬೇಕು. ಉತ್ತರಗಳು ಬರುತ್ತವೆ, ಇನ್ನೂರೈವತ್ತರ ಆಸುಪಾಸಿನವರೆಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ನಿಶ್ಶಬ್ದ. ಒಳಗೆ ಟಿಸಿಪಿಡಂಪ್ ಓಡಿಸಿದರೆ ಹೋಗುವ ವಿನಂತಿಗಳು ಒಂದರ ಹಿಂದೊಂದು ಸಾಲುಗಟ್ಟುತ್ತವೆ, ಬರುವ ಉತ್ತರ ಒಂದೂ ಇಲ್ಲ. ಅದನ್ನಷ್ಟೇ ನೋಡಿದ ಯಾರಾದರೂ ಗೇಟ್‌ವೇ ಕೆಟ್ಟಿದೆ ಎಂದೇ ಬರೆಯುತ್ತಾರೆ. ಕ್ಯೂಎಂಯು ಹೊರಗಿನಿಂದ ದಾಖಲಿಸಿದ ಪ್ಯಾಕೆಟ್ ಕಡತ ತೆರೆದರೆ ಗೇಟ್‌ವೇ ಪ್ರತಿಯೊಂದು ವಿನಂತಿಗೂ ತಪ್ಪದೆ ಉತ್ತರ ಕೊಟ್ಟಿರುವುದು ಸಿಗುತ್ತದೆ. ಈಗ ಯಂತ್ರವನ್ನು ನಿಲ್ಲಿಸಿ ರಿಂಗ್ ತೆರೆಯಬೇಕು. ಬೆರಳಿಟ್ಟು ಎಣಿಸುತ್ತ ಹೋದರೆ ಕಾರ್ಡ್ ತಲುಪಿದ ಗುರುತೂ ಡ್ರೈವರ್ ಕಾರ್ಡಿಗೆ ಒಪ್ಪಿಸಿದ ಕೊನೆಯ ಗುರುತೂ ಒಂದೇ ಸಾಲಿನ ಮುಂದೆ ಬಂದು ನಿಂತಿರುತ್ತವೆ. ಬಾಗಿಲವರೆಗೆ ಬಂದ ಉತ್ತರವನ್ನು ಬರೆದಿಡಲು ಕಾರ್ಡಿನ ಸುಪರ್ದಿಯಲ್ಲಿ ಒಂದು ಖಾಲಿ ಬಫರ್ ಕೂಡ ಉಳಿದಿರುವುದಿಲ್ಲ.